ಮೈಕೆಲೆಂಜೆಲೊನ ಸಂತೆಚೀಟಿಯೋ, ಹೊಕುಸಾಯ್‌ನ 93 ಮನೆಗಳೋ: ಮಕ್ಕಳಿಗೆ ಯಾವ ಕಲಾವಿದನ ಕಥೆ ಹೇಳೋಣ?

ಶಿರಸಿಯ ನಮ್ಮ ಮನೆಯ ಜಗಲಿಯಲ್ಲಿ ತಿಂಗಳಿಗೆ ಒಂದು ಭಾನುವಾರ ಮಕ್ಕಳು ಸೇರುತ್ತಾರೆ. ಹತ್ತು ಹದಿನೈದು ಜನ. ಒಬ್ಬ ಚಿತ್ರಕಾರನದೋ ಶಿಲ್ಪಿಯದೋ ಕಥೆ ಹೇಳುತ್ತೇನೆ. ಆಮೇಲೆ ಎಲ್ಲರೂ ಕೂತು ಏನಾದರೂ ಬಿಡಿಸುತ್ತೇವೆ, ಕೊನೆಗೆ ಅವಲಕ್ಕಿ ತಿಂದು ಎದ್ದು ಹೋಗುತ್ತಾರೆ. ಇದನ್ನು ಕೇಳಿ ಕುಮಟಾ, ಯಲ್ಲಾಪುರ, ಕಾರವಾರದ ಕಡೆಯ ಕೆಲವು ಶಿಕ್ಷಕರು, ಅಪ್ಪ-ಅಮ್ಮಂದಿರು ತಾವೂ ಶುರು ಮಾಡಲು ಹೊರಟಿದ್ದಾರೆ. ಎಲ್ಲರ ಪ್ರಶ್ನೆಯೂ ಒಂದೇ. ಯಾರಿಂದ ಶುರು ಮಾಡೋದು? ವ್ಯಾನ್ ಗೋನಾ, ಫ್ರೀಡಾನಾ, ಅಥವಾ ನಮ್ಮವರೇ ಯಾರಾದರೂ ಆಗಬಹುದಾ?

ದೊಡ್ಡ ಕಲಾವಿದರ ಮನೆಯೊಳಗಿನ ವಿಚಿತ್ರಗಳಿಗೆ ಕೊನೆಯೇ ಇಲ್ಲ. ಹುಡುಕಿದಷ್ಟೂ ಸಿಗುತ್ತವೆ. ಆಯ್ಕೆ ಕಷ್ಟವಾಗುವುದೂ ಅದಕ್ಕೇ. ಹಾಗಾಗಿ ನಾನು ಕಥೆ ಆರಿಸುವ ಮುಂಚೆ ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತೇನೆ.

ಮೊದಲನೆಯದು, ಈ ಮಾತನ್ನು ಹೇಳಿದ್ದು ಯಾರು? ಕಲಾವಿದನ ಕೈಬರಹದಲ್ಲೇ ಇದೆಯಾ, ಕಂಡವರು ಬರೆದಿದ್ದಾ, ಅಥವಾ ಬಾಯಿಂದ ಬಾಯಿಗೆ ಬಂದದ್ದಾ? ಬಾಯಿಂದ ಬಂದದ್ದನ್ನು ಹೇಳಬಾರದು ಅಂತಲ್ಲ. ಆದರೆ ‘ಹೀಗೊಂದು ಕಥೆ ಇದೆ’ ಅಂತಲೇ ಹೇಳಬೇಕು. ಎರಡನೆಯದು, ಆ ವಿಚಿತ್ರಕ್ಕೂ ಅವನ ಕೆಲಸಕ್ಕೂ ನಂಟು ಇದೆಯಾ? ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ನಂಟು ಇಲ್ಲದಿದ್ದರೆ ಅದು ಬರೀ ಊರ ಸುದ್ದಿ. ಮೂರನೆಯದು, ಕಥೆ ಮುಗಿದ ಮೇಲೆ ಮಗುವಿನ ಕೈಗೆ ಏನು ಕೆಲಸ ಕೊಡಬಹುದು, ಅದಕ್ಕೆ ಎಷ್ಟು ಖರ್ಚು? ನಾಲ್ಕನೆಯದು ವಯಸ್ಸು. ಈ ನಾಲ್ಕನೆಯದನ್ನು ನಾನು ಪೆಟ್ಟು ತಿಂದು ಕಲಿತೆ. ಅದನ್ನು ವ್ಯಾನ್ ಗೋನ ಸರದಿ ಬಂದಾಗ ಹೇಳುತ್ತೇನೆ.

ಎಂಟು ಹತ್ತು ವರ್ಷದ ಮಕ್ಕಳಿದ್ದರೆ, ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ, ಕಣ್ಣು ಮುಚ್ಚಿ ಮೈಕೆಲೆಂಜೆಲೊನಿಂದ ಶುರು ಮಾಡಿ. ಇಟಲಿಯ ಈ ಶಿಲ್ಪಿ ಹುಟ್ಟಿದ್ದು 1475ರಲ್ಲಿ, ತೀರಿಕೊಂಡಿದ್ದು 1564ರಲ್ಲಿ. ಅವನದೊಂದು ಸಂತೆಚೀಟಿ ಇವತ್ತಿಗೂ ಉಳಿದಿದೆ. 1518ರ ಒಂದು ಪತ್ರದ ಹಿಂಬದಿಯಲ್ಲಿ ಊಟದ ಸಾಮಾನು ಬರೆದಿದ್ದಾನೆ. ಎರಡು ರೊಟ್ಟಿ, ಒಂದು ಹೂಜಿ ವೈನ್, ಒಂದು ಹೆರಿಂಗ್ ಮೀನು. ಹೆರಿಂಗ್ ಅಂದರೆ ನಮ್ಮ ತಾರ್ಲೆಯ ಬಳಗದ್ದೇ. ಕೆಳಗೆ ಇನ್ನೊಂದು ಊಟ: ಸೊಪ್ಪು, ನಾಲ್ಕು ರೊಟ್ಟಿ, ನಾಲ್ಕು ಸಣ್ಣ ಮೀನು. ಅದರ ಕೆಳಗೆ ಆರು ರೊಟ್ಟಿ, ಎರಡು ಬಟ್ಟಲು ಸೋಂಪಿನ ಗಿಡದ ಸಾರು. ಪ್ರತಿ ಸಾಲಿನ ಪಕ್ಕ ಪುಟ್ಟ ಚಿತ್ರ. ರೊಟ್ಟಿಗೆ ಗುಂಡನೆಯ ಗೆರೆ, ಮೀನಿಗೆ ರೆಕ್ಕೆ ಬಾಲ, ಹೂಜಿಗೆ ಹೊಟ್ಟೆ. ಸಾಮಾನು ತರುವ ಆಳಿಗೆ ಓದು ಬರುತ್ತಿರಲಿಲ್ಲ, ಅದಕ್ಕೇ ಚಿತ್ರ ಬಿಡಿಸಿ ಕೊಟ್ಟ ಅಂತ ತಿಳಿದವರು ಹೇಳುತ್ತಾರೆ. ಚೀಟಿ ಫ್ಲಾರೆನ್ಸ್‌ನಲ್ಲಿ ಅವನ ಮನೆತನದ ವಸ್ತುಸಂಗ್ರಹಾಲಯದಲ್ಲಿದೆ. ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲ್‌ನ ಚಾವಣಿಗೆ ನಾಲ್ಕು ವರ್ಷ ಬಣ್ಣ ಬಳಿದ ಕೈಯೇ ಈ ಮೀನನ್ನೂ ಬಿಡಿಸಿದ್ದು ಅಂದಾಗ ಮಕ್ಕಳ ಮುಖ ನೋಡಬೇಕು ನೀವು.

ನಾವು ಏನು ಮಾಡಿದೆವು ಅಂದರೆ, ಪ್ರತಿ ಮಗುವೂ ಮನೆಯ ತರಕಾರಿ ಚೀಟಿಯನ್ನು ಬರೀ ಚಿತ್ರದಲ್ಲಿ ಬರೆಯಬೇಕು. ಒಂದಕ್ಷರ ಇರಬಾರದು. ಅದನ್ನು ಅಜ್ಜಿ ಓದಬೇಕು. ಒಬ್ಬ ಹುಡುಗ ಮೊಗೆಕಾಯಿ, ಹರಿವೆ ಸೊಪ್ಪು, ತೆಂಗಿನಕಾಯಿ ಬಿಡಿಸಿದ್ದ. ಅಜ್ಜಿ ತೆಂಗಿನಕಾಯಿಯನ್ನು ನೋಡಿ ‘ಈರುಳ್ಳಿ ಎರಡು’ ಅಂದುಬಿಟ್ಟರು. ಅವನು ಚೀಟಿ ತೆಗೆದುಕೊಂಡು ಅಡುಗೆಮನೆಗೆ ಹೋದ. ಅಲ್ಲಿದ್ದ ಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ವಾಪಸ್ ಬಂದು ಒಂದು ತುದಿಗೆ ಮೂರು ಕಣ್ಣು ಹಾಕಿದ, ಅದೇ ತುದಿಗೆ ನಾಲ್ಕು ಎಳೆ ಜುಟ್ಟು ಎಳೆದ. ಈ ಸಲ ಅಜ್ಜಿಗೆ ಅನುಮಾನವೇ ಬರಲಿಲ್ಲ. ಚಿತ್ರಕಲೆಯ ಪಾಠ ಅಂತ ನಾನು ಬಾಯಿಬಿಟ್ಟು ಏನೂ ಹೇಳಬೇಕಾಗಲಿಲ್ಲ. ಖರ್ಚು ಒಂದು ಹಾಳೆ, ಒಂದು ಪೆನ್ಸಿಲ್.

ಇವನ ಬೂಟಿನ ಕಥೆಯೂ ಇದೆ. ಬೂಟು ಹಾಕಿಕೊಂಡೇ ಮಲಗುತ್ತಿದ್ದ, ಎಷ್ಟೋ ದಿನದ ಮೇಲೆ ತೆಗೆದಾಗ ಕಾಲಿನ ಚರ್ಮವೂ ಜೊತೆಗೆ ಕಿತ್ತು ಬರುತ್ತಿತ್ತು ಅಂತ. ಇದನ್ನು ಬರೆದದ್ದು ಅವನ ಶಿಷ್ಯ ಕೊಂಡಿವಿ, ಅದೂ ಮೈಕೆಲೆಂಜೆಲೊ ಬದುಕಿದ್ದಾಗಲೇ, 1553ರಲ್ಲಿ. ಹಾಗಾಗಿ ನಂಬಬಹುದು. ಮಕ್ಕಳು ಇದನ್ನೇ ಜಾಸ್ತಿ ಇಷ್ಟಪಡುತ್ತಾರೆ. ಆದರೆ ಇದರಿಂದ ಕೈಗೆ ಕೆಲಸ ಹುಟ್ಟುವುದಿಲ್ಲ. ಒಂದೇ ಒಂದು ಹೇಳಲು ಹೊತ್ತಿದ್ದರೆ ಚೀಟಿಯ ಕಥೆ ಹೇಳಿ.

ಕರಾವಳಿಯ ಮಕ್ಕಳಿದ್ದರೆ ನನ್ನ ಆಯ್ಕೆ ಬೇರೆ. ಅವರಿಗೆ ಜಪಾನಿನ ಹೊಕುಸಾಯ್. ಹುಟ್ಟಿದ್ದು 1760, ತೀರಿಕೊಂಡಿದ್ದು 1849. ಜೀವನದಲ್ಲಿ 93 ಸಲ ಮನೆ ಬದಲಾಯಿಸಿದ ಅಂತ ಹೇಳುತ್ತಾರೆ. ಹೆಸರನ್ನೂ ಮೂವತ್ತು ಸಲ ಬದಲಾಯಿಸಿದ. ಅವನೂ ಮಗಳು ಓಯಿಯೂ ಇಡೀ ದಿನ ಚಿತ್ರದಲ್ಲೇ ಮುಳುಗಿರುತ್ತಿದ್ದರು, ಕಸ ಗುಡಿಸುತ್ತಿರಲಿಲ್ಲ, ಮನೆ ತೀರಾ ಗಲೀಜಾದಾಗ ಇನ್ನೊಂದು ಮನೆಗೆ ಹೋಗುತ್ತಿದ್ದರು ಅಂತಲೂ ಹೇಳುತ್ತಾರೆ. ಮಗಳೂ ಒಳ್ಳೆಯ ಚಿತ್ರಗಾರ್ತಿ. ಹೆಣ್ಣುಮಕ್ಕಳಿರುವ ಗುಂಪಿನಲ್ಲಿ ಓಯಿಯ ಹೆಸರನ್ನು ಮರೆಯದೆ ಹೇಳಿ.

ಅವನ ಅಲೆಯ ಚಿತ್ರ ನೀವು ನೋಡಿಯೇ ಇರುತ್ತೀರಿ. 1831ರ ಸುಮಾರಿಗೆ, ಎಪ್ಪತ್ತು ದಾಟಿದ ಮೇಲೆ ಮಾಡಿದ್ದು. ದೊಡ್ಡ ನೀಲಿ ಅಲೆ, ತುದಿಯಲ್ಲಿ ಉಗುರಿನ ಹಾಗೆ ನೊರೆ, ಹಿಂದೆ ಸಣ್ಣದಾಗಿ ಫುಜಿ ಬೆಟ್ಟ. ಎಷ್ಟೋ ಜನ ಅಲೆಯನ್ನು ನೋಡುತ್ತಾರೆ, ದೋಣಿಗಳನ್ನು ನೋಡುವುದಿಲ್ಲ. ಅಲ್ಲಿ ಮೂರು ದೋಣಿ ಇವೆ. ಕಾರವಾರದ ಬೈತಖೋಲದ ಬಂದರಿನ ಹತ್ತಿರ ಬೆಳೆದ ಒಬ್ಬ ಹುಡುಗ ರಜೆಗೆ ನೆಂಟರ ಮನೆಗೆ ಬಂದವನು ನಮ್ಮ ಜಗಲಿಯಲ್ಲೂ ಕೂತಿದ್ದ. ಅವನ ಕಣ್ಣು ಮೊದಲು ಹೋಗಿದ್ದೇ ದೋಣಿಗೆ. ‘ಇವರು ಹುಟ್ಟು ಹಾಕ್ತಾ ಇಲ್ಲ, ಬಗ್ಗಿ ಹಿಡ್ಕೊಂಡು ಕೂತಿದ್ದಾರೆ’ ಅಂದ. ನಿಜ. ದೋಣಿಯೊಳಗಿನ ಅಷ್ಟೂ ಜನ ತಲೆ ತಗ್ಗಿಸಿ, ಮೈ ಮುದುಡಿ ಕೂತಿದ್ದಾರೆ. ನಾನು ಈ ಚಿತ್ರವನ್ನು ಎಷ್ಟು ವರ್ಷದಿಂದ ನೋಡುತ್ತಿದ್ದೆ, ಅದನ್ನು ಗಮನಿಸಿರಲಿಲ್ಲ. ಸಮುದ್ರ ಗೊತ್ತಿದ್ದವರು ನೋಡುವ ರೀತಿಯೇ ಬೇರೆ.

ಕೈಕೆಲಸಕ್ಕೆ ಇನ್ನೊಂದು ವಿಷಯ ಇದೆ. ಎಂಬತ್ತು ದಾಟಿದ ಮೇಲೆ, 1842-43ರಲ್ಲಿ, ಹೊಕುಸಾಯ್ ಬೆಳಿಗ್ಗೆ ಬೆಳಿಗ್ಗೆ ಒಂದೊಂದು ಸಿಂಹ ಬಿಡಿಸುತ್ತಿದ್ದ. ಕೆಟ್ಟದ್ದು ಹತ್ತಿರ ಬರದಿರಲಿ ಅಂತ. ಇನ್ನೂರಕ್ಕೂ ಹೆಚ್ಚು ಉಳಿದಿವೆ. ಹಾರುವ ಸಿಂಹ, ಕುಣಿಯುವ ಸಿಂಹ. ಮಕ್ಕಳಿಗೆ ಒಂದು ಸಣ್ಣ ನೋಟ್‌ಬುಕ್ ಕೊಟ್ಟು ತಿಂಗಳು ಪೂರ್ತಿ ದಿನಕ್ಕೊಂದು ಚಿತ್ರ ಬಿಡಿಸಿ ಅಂತ ಹೇಳಿ. ಸಿಂಹವೇ ಆಗಬೇಕಿಲ್ಲ. ಹುಲಿ, ಏಡಿ, ಯಕ್ಷಗಾನದ ಬಣ್ಣದ ವೇಷ, ಯಾವುದಾದರೂ ಆದೀತು. ಆದರೆ ಒಂದು ತೊಡಕು ಇದೆ. ದಿನಾ ಮಾಡುವ ಕೆಲಸಕ್ಕೆ ಮನೆಯಲ್ಲಿ ಯಾರಾದರೂ ನೆನಪಿಸಬೇಕು. ನೀವು ಶಾಲೆಯಲ್ಲಿ ಒಂದೇ ಪೀರಿಯಡ್‌ನಲ್ಲಿ ಮುಗಿಸಬೇಕು ಅಂತಿದ್ದರೆ ಸಂತೆಚೀಟಿಯೇ ಮೇಲು. ಮನೆಯಲ್ಲಿ ನೀವೇ ಅಪ್ಪನೋ ಅಮ್ಮನೋ ಆಗಿದ್ದು ದಿನಾ ಜೊತೆಗೆ ಇರುತ್ತೀರಾದರೆ ಹೊಕುಸಾಯ್‌ಗಿಂತ ಒಳ್ಳೆಯವನು ಸಿಗಲಿಕ್ಕಿಲ್ಲ. ಗುಡಿಸದ ಮನೆಯ ಭಾಗವನ್ನು ಹೇಳುವುದೋ ಬಿಡುವುದೋ ನಿಮಗೆ ಬಿಟ್ಟಿದ್ದು. ನಾನು ಹೇಳುತ್ತೇನೆ.

ಈಗ ಡಚ್ ಚಿತ್ರಕಾರ ವ್ಯಾನ್ ಗೋ. ಎಲ್ಲರೂ ಮೊದಲು ಕೇಳುವುದು ಇವನನ್ನೇ, ನಾನೂ ಶುರು ಮಾಡಿದ್ದು ಇವನಿಂದಲೇ. ಅದು ನನ್ನ ತಪ್ಪು. ಕಥೆ ಬಿಗಿಯಾಗಿ ಬರಲಿ ಅಂತ 1888ರ ಡಿಸೆಂಬರ್ 23ರ ರಾತ್ರಿ ಕಿವಿ ಕೊಯ್ದುಕೊಂಡದ್ದನ್ನು ವಿವರವಾಗಿ ಹೇಳಿದೆ. ಅವತ್ತು ರಾತ್ರಿ ಒಬ್ಬ ತಾಯಿ ಫೋನ್ ಮಾಡಿದರು. ಏಳು ವರ್ಷದ ಮಗಳು ಎರಡೂ ಕಿವಿ ಮುಚ್ಚಿಕೊಂಡು ಅಳುತ್ತಾ ಕೂತಿದ್ದಾಳೆ, ಮಲಗುತ್ತಿಲ್ಲ ಅಂತ. ನನಗೆ ತುಂಬಾ ಬೇಜಾರಾಯಿತು. ಮರುದಿನ ಹೋಗಿ ಅವಳ ಜೊತೆ ಕೂತು ಸೂರ್ಯಕಾಂತಿ ಬಿಡಿಸಿ ಬಂದೆ.

ಆಮೇಲೆ ಯೋಚಿಸಿದೆ. ಕಿವಿಯ ಕಥೆ ಕಾಯಿಲೆಯ ಕಥೆ. ಅದು ಅವನ ಕೆಲಸದ ಕಥೆ ಅಲ್ಲ. ಅವನ ಖಾಸಗಿ ಬದುಕಿನಲ್ಲಿ ನಿಜವಾಗಿ ಅಪರೂಪದ್ದು ಕಾಗದಗಳು. ತಮ್ಮ ಥಿಯೋಗೆ ಬರೆದದ್ದೇ 650ಕ್ಕೂ ಹೆಚ್ಚು ಉಳಿದಿವೆ. ‘ಈ ತರಹದ ಚಿತ್ರ ಮಾಡುತ್ತಿದ್ದೇನೆ’ ಅಂತ ಕಾಗದದ ಮಧ್ಯೆಯೇ ಪುಟ್ಟದಾಗಿ ಬಿಡಿಸಿ, ಎಲ್ಲಿ ಯಾವ ಬಣ್ಣ ಅಂತ ಬರೆದು ಕಳಿಸುತ್ತಿದ್ದ. ಅಣ್ಣ ತೀರಿಕೊಂಡ ಆರು ತಿಂಗಳಿಗೆ ತಮ್ಮನೂ ಹೋದ. ಆ ಕಾಗದ, ಚಿತ್ರಗಳನ್ನೆಲ್ಲ ಕಾಪಾಡಿ, ಪ್ರಕಟಿಸಿ, ಜಗತ್ತಿಗೆ ತೋರಿಸಿದ್ದು ‘ಯೋ’ ಅನ್ನುವ ಹೆಸರಿನ ತಮ್ಮನ ಹೆಂಡತಿ. ಇವಳ ಕಥೆಯನ್ನು ಹೈಸ್ಕೂಲು ಮಕ್ಕಳಿಗೆ ಹೇಳಿ ನೋಡಿ. ಕೊನೆಗೆ ಹಾಸ್ಟೆಲಿನಲ್ಲಿರುವ ಅಣ್ಣನಿಗೋ ಅಕ್ಕನಿಗೋ ಚಿತ್ರ ಇರುವ ಒಂದು ಕಾಗದ ಬರೆಸಿ, ಅಂಚೆಗೆ ಹಾಕಿಸಿ. ಇನ್ನೊಂದು ಮಾತು. ‘ಬದುಕಿದ್ದಾಗ ಒಂದೇ ಚಿತ್ರ ಮಾರಾಟವಾಯಿತು’ ಅನ್ನೋದು ಪೂರ್ತಿ ಸರಿಯಲ್ಲ. ಚಿಕ್ಕಪ್ಪ ದುಡ್ಡು ಕೊಟ್ಟು ರೇಖಾಚಿತ್ರಗಳನ್ನು ಮಾಡಿಸಿಕೊಂಡಿದ್ದರು. 1890ರಲ್ಲಿ 400 ಫ್ರಾಂಕ್‌ಗೆ ಹೋದ ಕೆಂಪು ದ್ರಾಕ್ಷಿತೋಟದ ಚಿತ್ರ ಹೆಚ್ಚು ಹೆಸರಾಯಿತು, ಅಷ್ಟೇ.

ಹನ್ನೆರಡು ವರ್ಷದ ಒಳಗಿನವರಿಗೆ ವ್ಯಾನ್ ಗೋ ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ. ಮೆಕ್ಸಿಕೋದ ಫ್ರೀಡಾ ಕಾಲೋಗೂ ಹದಿಮೂರು ದಾಟಿದ ಮಕ್ಕಳೇ ಸರಿ. 1925ರಲ್ಲಿ, ಹದಿನೆಂಟನೇ ವಯಸ್ಸಿನಲ್ಲಿ, ಬಸ್ ಅಪಘಾತದಲ್ಲಿ ಮೈಯೆಲ್ಲ ಮುರಿಯಿತು. ಮಲಗಿದಲ್ಲೇ ಬಿಡಿಸಲಿ ಅಂತ ಅಮ್ಮ ಹಾಸಿಗೆಗೆ ಹೊಂದುವ ಚೌಕಟ್ಟು ಮಾಡಿಸಿದರು, ಮೇಲೆ ಕನ್ನಡಿ ಕಟ್ಟಿಸಿದರು. ಮುಂದೆ ಮನೆ ತುಂಬ ಮಂಗ, ಗಿಳಿ, ಕೂದಲಿಲ್ಲದ ನಾಯಿ, ಒಂದು ಜಿಂಕೆಮರಿ. ಎಲ್ಲವೂ ಅವಳ ಚಿತ್ರದಲ್ಲಿ ಬಂದವು. ನಂಟು ಇಷ್ಟು ಗಟ್ಟಿ ಇರುವ ಕಥೆ ಇನ್ನೊಂದಿಲ್ಲ. ಆದರೆ ಕೆಲವು ಚಿತ್ರಗಳಲ್ಲಿ ರಕ್ತ, ನೋವು ಜಾಸ್ತಿ. ತೋರಿಸುವ ಚಿತ್ರವನ್ನು ನೀವೇ ಮೊದಲು ಆರಿಸಿ ಇಟ್ಟುಕೊಳ್ಳಿ. ಮಂಗನ ಜೊತೆ ಇರುವುದು ಸಾಕು. ಕಾಲಿಗೋ ಕೈಗೋ ಪ್ಲಾಸ್ಟರ್ ಹಾಕಿಕೊಂಡು ಮನೆಯಲ್ಲೇ ಇರುವ ಮಗುವಿದ್ದರೆ ಬೇರೆ ಯಾರನ್ನೂ ಹುಡುಕಬೇಡಿ.

‘ನಮ್ಮ ಕಡೆಗೆ ನಂಟಿರುವವರು ಯಾರೂ ಇಲ್ವಾ’ ಅಂತ ಕೇಳಿದವರಿಗೆ ನಾನು ಕೊಡುವ ಉತ್ತರ ರವೀಂದ್ರನಾಥ ಟ್ಯಾಗೋರರು. ಕಾರವಾರದ ಕಡಲತೀರಕ್ಕೆ ಅವರ ಹೆಸರು ಯಾಕಿದೆ ಅಂತ ಎಷ್ಟೋ ಮಕ್ಕಳಿಗೆ ಗೊತ್ತೇ ಇಲ್ಲ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಇಪ್ಪತ್ತೆರಡರ ಆಸುಪಾಸಿನ ತಮ್ಮ ಬಂದು ಉಳಿದ. ಒಂದು ಸಂಜೆ ಸಣ್ಣ ದೋಣಿಯಲ್ಲಿ ಕಾಳಿ ನದಿಯ ಮೇಲ್ಮುಖಕ್ಕೆ ಹೋಗಿ, ಬೆಳದಿಂಗಳಲ್ಲಿ ಮರಳ ಮೇಲೆ ನಡೆದು ವಾಪಸ್ ಬಂದದ್ದನ್ನು ಅವರೇ ಬರೆದಿದ್ದಾರೆ. ಒಂದು ನಾಟಕವನ್ನೂ ಇಲ್ಲೇ ಬರೆದರು.

ಆಗ ಅವರು ಚಿತ್ರಕಾರರಲ್ಲ. ಚಿತ್ರ ಹಿಡಿದದ್ದು ಅರವತ್ತು ದಾಟಿದ ಮೇಲೆ! ಕವಿತೆ ಬರೆಯುವಾಗ ಬೇಡವಾದ ಪದ ಹೊಡೆದುಹಾಕುತ್ತಿದ್ದರು. ಆ ಗೀಚುಗಳು ಹಾಳೆಯ ಮೇಲೆ ಗಾಯದ ಹಾಗೆ ಕಾಣುವುದು ಅವರಿಗೆ ಸಹಿಸುತ್ತಿರಲಿಲ್ಲ. ಒಂದು ಗೀಚಿನಿಂದ ಇನ್ನೊಂದಕ್ಕೆ ಗೆರೆ ಎಳೆದು ಸೇರಿಸಿದರು. ಅದು ಕೊಕ್ಕಾಯಿತು, ಕಣ್ಣಾಯಿತು, ಯಾವ ಕಾಡಿನಲ್ಲೂ ಇಲ್ಲದ ಪ್ರಾಣಿಯಾಯಿತು. 1924ರ ಹೊತ್ತಿನ ಹಸ್ತಪ್ರತಿಗಳಲ್ಲಿ ಇದು ತುಂಬಿ ಹೋಗಿದೆ. 1930ರಲ್ಲಿ, 69ನೇ ವಯಸ್ಸಿಗೆ, ಪ್ಯಾರಿಸ್‌ನಲ್ಲಿ ಮೊದಲ ಪ್ರದರ್ಶನ. ಕೊನೆಗೆ ಎರಡು ಸಾವಿರಕ್ಕೂ ಹೆಚ್ಚು ಚಿತ್ರ. ಕೆಂಪು ಬಣ್ಣ ಅವರ ಕಣ್ಣಿಗೆ ಸರಿಯಾಗಿ ಕಾಣುತ್ತಿರಲಿಲ್ಲ ಅಂತಲೂ ಹೇಳುತ್ತಾರೆ. ಬಣ್ಣ ಗುರುತಿಸಲು ಕಷ್ಟಪಡುವ ಮಗು ನಿಮ್ಮ ಗುಂಪಿನಲ್ಲಿದ್ದರೆ ಇದನ್ನು ಬಿಡದೆ ಹೇಳಿ.

ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಮಕ್ಕಳ ಹಳೆಯ ಕಾಪಿ ಪುಸ್ತಕ ತರಿಸಿ. ಹೊಡೆದುಹಾಕಿದ ಪದಗಳು ಹೇಗೂ ಇರುತ್ತವೆ. ಅದರಿಂದ ಹಕ್ಕಿ ಮಾಡಿ ಅಂದರೆ ಸಾಕು. ತಪ್ಪು ಬರೆದದ್ದಕ್ಕೆ ಬೈಸಿಕೊಂಡ ಮಕ್ಕಳೇ ಇಲ್ಲಿ ಮುಂದೆ ಬರುತ್ತಾರೆ, ಯಾಕೆಂದರೆ ಅವರ ಹತ್ತಿರ ಗೀಚು ಜಾಸ್ತಿ. ಕೊರತೆ ಅಂದರೆ ಕಥೆಯಲ್ಲಿ ಏರಿಳಿತ ಕಡಿಮೆ. ಸುಮ್ನೆ ಹೇಳಿದರೆ ದೊಡ್ಡ ಹುಡುಗರು ಆಕಳಿಸುತ್ತಾರೆ. ಸಾಧ್ಯವಾದರೆ ಕಡಲತೀರದಲ್ಲೇ ಕೂರಿಸಿ ಹೇಳಿ. ಕಾರವಾರದವರಿಗೆ ಆ ಅನುಕೂಲ ಇದೆ, ನಮಗೆ ಘಟ್ಟ ಇಳಿಯಬೇಕು.

ಶಿಲ್ಪಿಯೇ ಬೇಕು ಅನ್ನುವವರಿಗೆ, ಅದರಲ್ಲೂ ಮಳೆಗಾಲಕ್ಕೆ, ರಾಮಕಿಂಕರ ಬೈಜ್. ಬಂಗಾಳದ ಬಾಂಕುರಾದಲ್ಲಿ 1906ರಲ್ಲಿ ಹುಟ್ಟಿದರು. ಬಡ ಕ್ಷೌರಿಕ ಮನೆತನ. ಊರಿನ ಮೂರ್ತಿ ಮಾಡುವವರನ್ನು ನೋಡಿ ಕಲಿತರು. ಚೌತಿಯ ಮುಂಚೆ ಗಣಪತಿ ಮಾಡುವ ಮನೆಯಲ್ಲಿ ಹೊತ್ತು ಹೋಗುವುದೇ ಗೊತ್ತಾಗದೆ ನಿಲ್ಲುವ ಮಕ್ಕಳು ನಮ್ಮಲ್ಲೂ ಇದ್ದಾರೆ ಅಲ್ವಾ, ಅವರಿಗೆ ಈ ಬದುಕು ತಕ್ಷಣ ಅರ್ಥವಾಗುತ್ತದೆ. ಶಾಂತಿನಿಕೇತನದಲ್ಲಿ ದುಬಾರಿ ಕಂಚು, ಅಮೃತಶಿಲೆ ಇರಲಿಲ್ಲ. ಅವರು ಸಿಮೆಂಟಿಗೆ ಕೆಂಪು ಜಂಬಿಟ್ಟಿಗೆಯ ಹರಳು ಬೆರೆಸಿ ಬಯಲಿನಲ್ಲೇ ದೊಡ್ಡ ಮೂರ್ತಿ ನಿಲ್ಲಿಸಿದರು. 1938ರ ‘ಸಂತಾಲ ಕುಟುಂಬ’ ಅನ್ನುವ ಮೂರ್ತಿ ಹಾಗೆ ಆದದ್ದು. ಜಂಬಿಟ್ಟಿಗೆ ಅಂದರೆ ನಮ್ಮ ಚಿರೇಕಲ್ಲು. ನಮ್ಮ ಮನೆಯ ಗೋಡೆಯ ಕಲ್ಲನ್ನೇ ಮುಟ್ಟಿ ನೋಡಿ ಅಂದೆ. ಮಕ್ಕಳು ಎದ್ದು ಹೋಗಿ ಗೋಡೆಯ ತೂತುಗಳಿಗೆ ಬೆರಳು ಹಾಕಿ ನೋಡಿದರು.

ಇನ್ನು ಮಳೆಯ ಕಥೆ. ಅವರ ಹುಲ್ಲಿನ ಮಾಡು ಸೋರುತ್ತಿತ್ತು. ತೈಲವರ್ಣದ ಬಣ್ಣ ನೀರಿಗೆ ಕರಗುವುದಿಲ್ಲ. ಸೋರುವಲ್ಲಿಗೆ ತಮ್ಮ ಕ್ಯಾನ್ವಾಸ್‌ಗಳನ್ನೇ ಅಡ್ಡ ಕಟ್ಟಿಬಿಟ್ಟರು. ಋತ್ವಿಕ್ ಘಟಕರು 1975ರಲ್ಲಿ ಅವರ ಮೇಲೆ ತೆಗೆದ, ಅರ್ಧಕ್ಕೇ ನಿಂತ ಸಾಕ್ಷ್ಯಚಿತ್ರದಲ್ಲಿ ಈ ಪ್ರಸಂಗ ಇದೆ. ಜುಲೈ ತಿಂಗಳಲ್ಲಿ, ಹೆಂಚು ಸೋರುವ ಕಡೆ ಪಾತ್ರೆ ಇಟ್ಟ ಜಗಲಿಯಲ್ಲಿ ಕೂತು ಇದನ್ನು ಹೇಳಬೇಕು. ದೊಡ್ಡವರ ಗುಂಪಾದರೆ ಅವರ ಕುಡಿತ, ಮದುವೆಯಾಗದೆ ಸಂಗಾತಿಯ ಜೊತೆ ಬಾಳಿದ್ದು, ಊರವರ ಮಾತಿಗೆ ತಲೆ ಕೆಡಿಸಿಕೊಳ್ಳದಿದ್ದದ್ದು, ಎಲ್ಲವನ್ನೂ ಹೇಳಬಹುದು. ಮಕ್ಕಳಿಗೆ ಮಾಡು ಮತ್ತು ಕಲ್ಲು ಸಾಕು. ಕೈಕೆಲಸ ಸ್ವಲ್ಪ ರಾಡಿ. ಸಿಮೆಂಟ್ ಬೇಡ, ಚರ್ಮಕ್ಕೆ ಒಳ್ಳೆಯದಲ್ಲ. ಗಣಪತಿ ಮಾಡುವವರ ಹತ್ತಿರ ಒಂದು ಬುಟ್ಟಿ ಜೇಡಿಮಣ್ಣು ಕೇಳಿ ತನ್ನಿ, ಸಣ್ಣ ಹರಳು ಬೆರೆಸಿ. ಒಣಗಲು ವಾರ ಬೇಕು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಒಂದು ದಿನದ ಕಾರ್ಯಕ್ರಮಕ್ಕೆ ಇದು ಆಗುವುದಿಲ್ಲ.

ಕರ್ನಾಟಕದವರೇ ಬೇಕು ಅಂದರೆ ಇಬ್ಬರು ಚಿತ್ರಕಾರರಿದ್ದಾರೆ. ಉಡುಪಿಯ ಹತ್ತಿರದ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು ಗೆರೆಯಲ್ಲಿ ಲಯ ಬರಲಿ ಅಂತ ಕಥಕ್ ಕಲಿತರು. ಮೈಸೂರಿನ ಕೆ. ವೆಂಕಟಪ್ಪನವರು ವೀಣೆ ಶೇಷಣ್ಣನವರ ಹತ್ತಿರ ವೀಣೆ ಕಲಿತರು, ಮದುವೆಯಾಗಲಿಲ್ಲ, ಅಚ್ಚುಕಟ್ಟಾಗಿ ದಿನಚರಿ ಬರೆದರು. ಸಂಗೀತ, ನೃತ್ಯ ಕಲಿಯುವ ಮಕ್ಕಳಿಗೆ ಇವರು ಚೆನ್ನ. ಬೆಂಗಳೂರಿಗೆ ಹೋಗುವುದಿದ್ದರೆ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನೂ ಸೇರಿಸಿಕೊಳ್ಳಿ.

ತೋಟದ ಮನೆಯ ದೊಡ್ಡವರಿಗೆ ಫ್ರಾನ್ಸಿನ ಚಿತ್ರಕಾರ ಮೊನೆ ಹಿಡಿಸುತ್ತಾನೆ. ಜಿವರ್ನಿ ಅನ್ನುವ ಹಳ್ಳಿಯಲ್ಲಿ 1893ರಲ್ಲಿ ಹೊಳೆಯ ನೀರು ತಿರುಗಿಸಿ ತಾವರೆಕೊಳ ಮಾಡಲು ಹೊರಟ. ಅವನ ಪರದೇಶದ ಗಿಡಗಳಿಂದ ನೀರು ವಿಷವಾಗುತ್ತದೆ, ದನಗಳು ಕುಡಿಯುವುದು ಹೇಗೆ ಅಂತ ಊರಿನ ರೈತರು ತಕರಾರು ತೆಗೆದರು. ನೀರಿನ ಹಂಚಿಕೆಯ ಜಗಳ ಕಂಡ ನಮ್ಮ ಕಡೆಯ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸ್ಪೇನಿನ ಚಿತ್ರಕಾರ ಡಾಲಿಯನ್ನು ನಾನು ಪಟ್ಟಿಯಿಂದ ಬಿಟ್ಟೆ. ಪ್ಯಾರಿಸ್‌ನಲ್ಲಿ ಇರುವೆಬಾಕನಿಗೆ ಹಗ್ಗ ಹಾಕಿ ನಡೆದದ್ದು ಮಜವಾಗಿದೆ, ಆದರೆ ಅದು ಕ್ಯಾಮೆರಾದ ಎದುರಿನ ಬದುಕು, ಮನೆಯೊಳಗಿನದ್ದಲ್ಲ.

ಚಿತ್ರ ತೋರಿಸುವ ವಿಷಯ. ನಮ್ಮ ದೇಶದ ಕಾನೂನಿನಲ್ಲಿ ಕಲಾವಿದ ತೀರಿಕೊಂಡು 60 ವರ್ಷವಾದ ಮೇಲೆ ಹಕ್ಕು ಮುಗಿಯುತ್ತದೆ. ಹಾಗಾಗಿ ಹೊಕುಸಾಯ್, ವ್ಯಾನ್ ಗೋ, ಟ್ಯಾಗೋರರದ್ದನ್ನು ಧೈರ್ಯವಾಗಿ ಪ್ರಿಂಟ್ ಹಾಕಿಸಿ ಹಂಚಬಹುದು. ಅಲೆಯ ಚಿತ್ರವನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ ದೊಡ್ಡ ಅಳತೆಯಲ್ಲಿ ಉಚಿತವಾಗಿ ಕೊಡುತ್ತದೆ. ರಾಮಕಿಂಕರ, ಹೆಬ್ಬಾರರದ್ದಕ್ಕೆ ಹಕ್ಕು ಇನ್ನೂ ಇದೆ. ಅವನ್ನು ಪುಸ್ತಕದಲ್ಲೇ ತೋರಿಸಿ. ಪ್ರಿಂಟ್ ಹಾಕಿಸುವುದಾದರೆ ಹತ್ತು ಸಣ್ಣದಕ್ಕಿಂತ ಒಂದು ದೊಡ್ಡದು ಒಳ್ಳೆಯದು. ದೋಣಿಯೊಳಗಿನ ಜನ ಕಾಣಬೇಕಲ್ಲ.

ಮುಂದಿನ ಭಾನುವಾರಕ್ಕೆ ನಾನು ಆರಿಸಿದ್ದು ಲಿಯೊನಾರ್ಡೊ ಡ ವಿಂಚಿ. ಪಂಜರದ ಹಕ್ಕಿ ಕೊಂಡು ಹಾರಿಬಿಡುತ್ತಿದ್ದ ಅಂತ ಕಲಾವಿದರ ಜೀವನಚರಿತ್ರೆ ಬರೆದ ವಸಾರಿ ಹೇಳಿದ್ದಾನೆ. ಅದು ಲಿಯೊನಾರ್ಡೊ ತೀರಿಕೊಂಡು ಮೂವತ್ತು ವರ್ಷದ ಮೇಲೆ ಬರೆದದ್ದು. ಆದರೆ ಇದಕ್ಕೆ ಹೊಂದುವ ಇನ್ನೊಂದು ಸಾಕ್ಷಿ ಇದೆ, ಅದೂ ನಮ್ಮ ದೇಶದಿಂದ. ಆಗ ಭಾರತಕ್ಕೆ ಬಂದಿದ್ದ ಇಟಲಿಯ ಕೊರ್ಸಾಲಿ ಅನ್ನುವವನು ಊರಿಗೆ ಬರೆದ ಕಾಗದದಲ್ಲಿ, ಗುಜರಾತಿನ ಕೆಲವರು ರಕ್ತ ಇರುವ ಯಾವುದನ್ನೂ ತಿನ್ನುವುದಿಲ್ಲ, ಜೀವಿಗಳಿಗೆ ನೋವು ಮಾಡುವುದಿಲ್ಲ, ನಮ್ಮ ಲಿಯೊನಾರ್ಡೊನ ಹಾಗೆ, ಅಂತ ಹೇಳುತ್ತಾನೆ. ಲಿಯೊನಾರ್ಡೊ ಆಗ ಬದುಕಿದ್ದ.

ಅವನು ಎಡಗೈಯವನು. ಟಿಪ್ಪಣಿಗಳನ್ನು ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಹಿಡಿದರೆ ಓದಲು ಬರುವ ಹಾಗೆ ಬರೆದಿಟ್ಟ. ಎಲ್ಲರೂ ಮನೆಯಿಂದ ಒಂದೊಂದು ಸಣ್ಣ ಕನ್ನಡಿ ತನ್ನಿ ಅಂತ ಹೇಳಿದ್ದೇನೆ. ಕನ್ನಡ ಅಕ್ಷರವನ್ನು ತಿರುವುಮುರುವಾಗಿ ಬರೆಯುವುದು ಎಷ್ಟು ಕಷ್ಟ ಅಂತ ನಾನೇ ನಿನ್ನೆ ಕೂತು ನೋಡಿದೆ. ‘ಅ’ ಬರೆಯಲಿಕ್ಕೇ ಐದು ಸಲ ಬೇಕಾಯಿತು. ನಮ್ಮ ಗುಂಪಿನಲ್ಲಿ ಒಬ್ಬಳು ಎಡಗೈಯಲ್ಲಿ ಬರೆಯುತ್ತಾಳೆ. ಊಟಕ್ಕೆ ಕೂತಾಗ, ಆರತಿ ತೆಗೆದುಕೊಳ್ಳುವಾಗ ಕೈ ಬದಲಾಯಿಸು ಅಂತ ಹೇಳಿಸಿಕೊಂಡು ಹೇಳಿಸಿಕೊಂಡು ಜಗಲಿಯಲ್ಲೂ ಹಿಂದಿನ ಸಾಲಿನಲ್ಲೇ ಕೂರುವವಳು. ಕನ್ನಡಿ ಯಾಕೆ ಅಂತ ಕೇಳಿದಳು, ಹೇಳಿದೆ. ಈ ಸಲ ಮುಂದೆ ಕೂರಬಹುದಾ ಅಂತ ಕೇಳಿ ಹೋಗಿದ್ದಾಳೆ.